ಚಿತ್ರ ನಿಂತಾಗ ಒತ್ತಿರಿ

೧

ಎಲ್ಲಿಂದ ಶುರು ಮಾಡಬೇಕು ಎಂಬುದು ನನಗೆ ಗೊತ್ತಿಲ್ಲ. ವಿನಯಕ್ಕಾಗಿ ಹೇಳುವ ಮಾತಲ್ಲ ಇದು. ವಿನಯ ನನ್ನ ಹತ್ತಿರ ಅಷ್ಟಾಗಿ ಇಲ್ಲ. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಹಾಕಿದ್ದೇನೆ. ಚೂರುಗಳು ಇನ್ನೂ ಮೇಜಿನ ಕೆಳಗಿವೆ. ಹೆಂಡತಿ ಕಸ ಗುಡಿಸುವಾಗಲೆಲ್ಲ ಅವನ್ನು ನೋಡಿ, ನನ್ನನ್ನೂ ನೋಡಿ, ಮುಂದೆ ಹೋಗುತ್ತಾಳೆ.

ಮೊದಲನೆಯ ಪ್ರಯತ್ನ ಖಾನಾಪುರದ ಬಸ್ಸಿನಲ್ಲಿ ಶುರುವಾಗಿತ್ತು. ಪ್ರಮಿಳಾ ಎಂಬಾಕೆ ತೊಡೆಯ ಮೇಲೆ ಕಂಪ್ಯೂಟರಿನ ಮಾನಿಟರ್ ಇಟ್ಟುಕೊಂಡು ಕೂತಿದ್ದಾಳೆ. ಟಿವಿಗೆ ಲಗೇಜ್ ಟಿಕೆಟ್ ತೆಗೆಸಬೇಕೆಂದು ಕಂಡಕ್ಟರ್ ಹಟ ಹಿಡಿದಿದ್ದಾನೆ. ಇದು ಟಿವಿ ಅಲ್ಲವೆಂದು ಆಕೆ ವಾದಿಸುತ್ತಿದ್ದಾಳೆ. ಚೆನ್ನಾಗಿಯೇ ಇತ್ತು. ಆದರೆ ಆ ಕಂಡಕ್ಟರ್ ದೇಸೂರು ದಾಟಿದರೂ ಬಾಯಿ ಮುಚ್ಚಲಿಲ್ಲ, ಕತೆಯನ್ನೇ ತನ್ನದು ಮಾಡಿಕೊಳ್ಳುವ ಹಾಗಿದ್ದ. ನಡುದಾರಿಯಲ್ಲಿ ಇಳಿಸಿಬಿಟ್ಟೆ.

ಎರಡನೆಯದು ‘ವಿಡಿಯೋ ಸ್ಟ್ರೀಮಿಂಗ್ ಎಂದರೇನೆಂದರೆ’ ಎಂದು ಶುರುವಾಗಿತ್ತು. ಬರೆಯುತ್ತಿದ್ದ ನನಗೇ ನಿದ್ದೆ ಬಂತು.

ಮೂರನೆಯದರಲ್ಲಿ ಪ್ರಮಿಳಾಳ ಅಪ್ಪ ಸಿದರಾಯ ತೀರಿಕೊಂಡಿದ್ದ. ಅಲ್ಲಿಗೆ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು.

“ನಮ್ಮಪ್ಪನ್ನ ಯಾಕ ಸಾಯ್ಸೀರಿ?”

ಕತೆಗೆ ಒಂದು ಭಾರ ಬೇಕಲ್ಲಮ್ಮಾ ಎಂದೆ.

“ನಿಮ್ಮ ಕತಿಗೆ ಭಾರ ಬೇಕಂದ್ರ ನಮ್ಮಪ್ಪನ ಹೆಣಾನೇ ಬೇಕೇನ್ರಿ? ಅಂವಾ ಕುರಿ ಹೊಡ್ಕೊಂಡು ಮೂಡಲಕಡೆ ಹೋಗ್ಯಾನ. ಮಳಿ ನಿಂತ ಮ್ಯಾಲ ಬರ್ತಾನ. ಸುಮ್ಮ ಅಷ್ಟ ಬರೀರಿ.”

ಸುಮ್ಮನೆ ಅಷ್ಟೇ ಬರೆದಿದ್ದೇನೆ. ಸಿದರಾಯ ಮೂಡಲ ಕಡೆ ಹೋಗಿದ್ದಾನೆ, ಆರಾಮಾಗಿದ್ದಾನೆ, ಈ ಕತೆಯಲ್ಲಿ ಆತನಿಗೆ ಹೆಚ್ಚಿನ ಕೆಲಸವಿಲ್ಲ.

೧ (ಮತ್ತೊಮ್ಮೆ)

ಎರಡು ಸಾವಿರದ ಒಂದನೆಯ ಇಸವಿ. ಬೆಳಗಾವಿ. ಉದ್ಯಮಬಾಗದ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜು ಇದೆ ಎಂದುಕೊಳ್ಳಿ. (ಅಲ್ಲಿ ಇರುವ ಯಾವ ಕಾಲೇಜೂ ಅಲ್ಲ ಇದು. ನಾನೇ ಕಟ್ಟಿಸಿದ್ದು, ಬಣ್ಣ ಬಳಿಯುವುದು ಇನ್ನೂ ಬಾಕಿ ಇದೆ.) ಪ್ರಮಿಳಾ ಅಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಾಳೆ, ಉಳಿದ ಹೊತ್ತಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ರಾಮತೀರ್ಥ ನಗರದಲ್ಲಿ ಬಾಡಿಗೆಗೆ ಎರಡು ಕೋಣೆ. ಊರು ಖಾನಾಪುರ. ಅಲ್ಲಿ ಅವ್ವ ಫಕೀರವ್ವ ಮತ್ತು ತಮ್ಮ ಕಲ್ಮೇಶ ಇದ್ದಾರೆ. ಮದುವೆಯ ಮಾತೆತ್ತಿದರೆ ಕತೆಯಿಂದಲೇ ಎದ್ದು ಹೋಗುತ್ತೇನೆಂದು ಆಕೆ ಮೊದಲೇ ಹೇಳಿದ್ದಾಳೆ, ಆದ್ದರಿಂದ ನಾನು ಎತ್ತುವುದಿಲ್ಲ, ನೀವೂ ಕೇಳಬೇಡಿ.

ಆಕೆಯ ಸಂಶೋಧನೆ ತಲೆಗೆ ಹೋಗಲು ನನಗೆ ಬಹಳ ದಿನ ಹಿಡಿಯಿತು. ಆಗ ಇಂಟರ್ನೆಟ್ ಟೆಲಿಫೋನ್ ತಂತಿಯೊಳಗಿಂದ ಕೀಚುಗುಟ್ಟುತ್ತ ಬರುತ್ತಿತ್ತು. ಅದರಲ್ಲಿ ವಿಡಿಯೋ ಕಳಿಸಿದರೆ ದಾರಿಯಲ್ಲಿ ಕುಂಟುತ್ತ ಬಂದು, ನೋಡುವವನ ಕಣ್ಣೆದುರು ಗಕ್ಕನೆ ನಿಂತುಬಿಡುತ್ತಿತ್ತು. ನಾನು ಬೆಳಗಾವಿಯ ಶಹಾಪುರದವನು, ಪಕ್ಕದ ಮನೆಯಲ್ಲಿ ಪವರ್‌ಲೂಮ್ ದಿನವಿಡೀ ಖಟಕ್ ಖಟಕ್ ಎನ್ನುತ್ತಿರುತ್ತದೆ. ಅದನ್ನೇ ಹಿಡಿದು ಆಕೆ ನನಗೆ ತಿಳಿಸಿ ಹೇಳಿದಳು. ಸೀರೆಯ ಒಡಲಿನಲ್ಲಿ ಅಡ್ಡ ಎಳೆ ಒಂದು ತಪ್ಪಿದರೆ ಉಡುವವಳಿಗೆ ಗೊತ್ತಾಗುವುದಿಲ್ಲ, ಸಾಲಾಗಿ ನಾಲ್ಕು ತಪ್ಪಿದರೆ ಗೊತ್ತಾಗುತ್ತದೆ, ಸೆರಗಿನಲ್ಲಾದರೆ ಒಂದೇ ಸಾಕು. ವಿಡಿಯೋ ಕೂಡ ಹಾಗೆಯೇ, ಒಂದರ ಹಿಂದೊಂದು ಚಿತ್ರಗಳ ಎಳೆ. ತಂತಿಗೆ ತ್ರಾಣವಿಲ್ಲದಾಗ ಕೆಲವನ್ನು ಬಿಟ್ಟು ಕಳಿಸಬೇಕು. ಯಾವುದನ್ನು ಬಿಟ್ಟರೆ ನೋಡುವವರಿಗೆ ಏನೂ ಅನ್ನಿಸುವುದಿಲ್ಲ, ಯಾವುದನ್ನು ಬಿಟ್ಟರೆ ಸಿಟ್ಟು ಬರುತ್ತದೆ ಎಂಬುದನ್ನು ಯಂತ್ರ ತಾನೇ ಕಲಿಯಬೇಕು.

ಯಾರಿಂದ ಕಲಿಯಬೇಕು? ನೋಡುವವರಿಂದಲೇ. ಚಿತ್ರ ನಿಂತು ಬೇಸರವಾದಾಗ ಅವರು ಒಂದು ಗುಂಡಿ ಒತ್ತುತ್ತಾರೆ. ಒತ್ತಿದರೆ ಯಂತ್ರಕ್ಕೆ ಪೆಟ್ಟು, ಒತ್ತದಿದ್ದರೆ ಶಾಬಾಸ್. ಹೀಗೆ ಪೆಟ್ಟು ತಿಂದು ತಿಂದು ಅದು ಜಾಣನಾಗುತ್ತದೆ. (ಇದು ನಮ್ಮ ಕಾಲದ ಮಾಸ್ತರರ ಪದ್ಧತಿಯಲ್ಲವೇ ಎಂದೆ. ಹೆಚ್ಚುಕಡಿಮೆ ಅದೇ, ಆದರೆ ಯಂತ್ರದ ಅಪ್ಪ ಸಾಲೆಗೆ ಬಂದು ಜಗಳ ತೆಗೆಯುವುದಿಲ್ಲ ಎಂದಳು.)

ಮೊದಲು ಕಾಲೇಜಿನ ಹುಡುಗರನ್ನು ಕೂಡಿಸಿ ನೋಡಿದಳು. ಗುಂಡಿ ಕೈಗೆ ಸಿಕ್ಕಿದ್ದೇ ತಡ, ಮಂಗನ ಕೈಯಲ್ಲಿ ಮಾಣಿಕ್ಯ. ಚಿತ್ರ ಓಡುವಾಗಲೂ ಒತ್ತಿದರು, ನಿಂತಾಗಲೂ ಒತ್ತಿದರು, ಗೆಳೆಯ ಒತ್ತಿದನೆಂದು ತಾವೂ ಒತ್ತಿದರು. ಆಗ ಆಕೆಗೆ ಹೊಳೆದದ್ದು ತನ್ನ ಓಣಿ. ನಮ್ಮ ಮಂದಿ ಸುಳ್ಳು ಹೇಳುವುದಿಲ್ಲ ಎಂದು ಗೈಡ್ ಚನ್ನಬಸಯ್ಯ ಸರ್‌ಗೆ ಹೇಳಿ, ಮಾನಿಟರ್ ಹೊತ್ತು ಬಸ್ ಹತ್ತಿದಳು. ಆ ಬಸ್ಸೇ ಇದು. ಕಂಡಕ್ಟರ್ ಮಾತ್ರ ಬೇರೆ.

೨

ಖಾನಾಪುರದ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಕೂತಿತು. ಮೌಸ್ ಕಂಡರೆ ಜನ ಹೆದರುತ್ತಾರೆಂದು ಬಾಗಿಲ ಬೆಲ್ಲಿನ ಗುಂಡಿಯನ್ನೇ ತಂದು ಜೋಡಿಸಿದ್ದಳು. ಒತ್ತಿದ್ದು ಒತ್ತಿದವರಿಗೆ ತಿಳಿಯಲೆಂದು ಒಂದು ಸಣ್ಣ ಬ್ಯಾಟರಿ ಗಂಟೆಯೂ ಇತ್ತು, ಟಿಣ್ ಎನ್ನುತ್ತಿತ್ತು. ಮೇಲೆ ಗೋಡೆಗೆ ಒಂದು ಹಾಳೆ: ಚಿತ್ರ ನಿಂತಾಗ ಒತ್ತಿರಿ. ಅದರ ಕೆಳಗೆ ಅದೇ ಮಾತು ಮರಾಠಿಯಲ್ಲಿ. ಒಂದೇ ಭಾಷೆಯಲ್ಲಿ ಬರೆದರೆ ಅರ್ಧ ಓಣಿ ಮುನಿಸಿಕೊಳ್ಳುತ್ತದೆ.

ಒಬ್ಬೊಬ್ಬರೇ ಬಂದು ಕುರ್ಚಿಯಲ್ಲಿ ಕೂತು ನೋಡಬೇಕು, ಉಳಿದವರು ಹೊರಗಿರಬೇಕು ಎಂಬುದು ಪ್ರಮಿಳಾಳ ನಿಯಮ. ಓಣಿ ಆ ನಿಯಮವನ್ನು ಗೌರವದಿಂದ ಕೇಳಿಸಿಕೊಂಡು ಒಟ್ಟಿಗೇ ಒಳಗೆ ಬಂತು. ಮೊದಲು ಕೂತವನು ಹೆಂಚಿನ ಕಾರ್ಖಾನೆಯ ದುಂಡಪ್ಪ ಕಾಕಾ. ಪರದೆಯ ಮೇಲೆ ಒಬ್ಬ ಪರದೇಶಿ ಹೆಂಗಸು ಸುದ್ದಿ ಓದುತ್ತಿದ್ದಳು. ಪ್ರಮಿಳಾ ಬೇಕೆಂತಲೇ ತಂತಿಯನ್ನು ಬಿಗಿ ಮಾಡಿದಳು, ಎಂದರೆ ಚಿತ್ರ ಬರುವ ವೇಗ ಇಳಿಸಿದಳು. ಹೆಂಗಸು ಬಾಯಿ ತೆರೆದವಳು ತೆರೆದೇ ನಿಂತಳು, ಧ್ವನಿ ಮಾತ್ರ ಓಡುತ್ತಿತ್ತು. ದುಂಡಪ್ಪ ಕಾಕಾ ಮೊಣಕಾಲ ಮೇಲೆ ಕೈಯಿಟ್ಟು, ಮಂಗಳಾರತಿ ನೋಡುವವನ ಹಾಗೆ ಆ ತೆರೆದ ಬಾಯನ್ನೇ ನೋಡಿದ. ಒತ್ತಲಿಲ್ಲ.

ಸತ್ಯವ್ವ ಕಾಕುವಿನ ಸರದಿಯಲ್ಲಿ ಪರದೆಯ ಮೇಲಿನ ಬಸ್ಸು ಅರ್ಧ ಬಂದು ನಿಂತಿತು. ಕಾಕು ಒಮ್ಮೆ ಕೆಮ್ಮಿದಳು. ಒತ್ತಲಿಲ್ಲ. ಮಲಪ್ರಭೆಯ ನೀರು ಕಲ್ಲಿನಂತೆ ಗಟ್ಟಿಯಾಯಿತು, ಹಾರುವ ಕೊಕ್ಕರೆ ಆಕಾಶದಲ್ಲಿ ಮೊಳೆ ಹೊಡೆದಂತೆ ಉಳಿಯಿತು, ಯಾರೂ ಒತ್ತಲಿಲ್ಲ. ಬೆಳಗಿನಿಂದ ಸಂಜೆಯ ತನಕ ಗಂಟೆ ಒಮ್ಮೆಯೂ ಟಿಣ್ ಎನ್ನಲಿಲ್ಲ. ಪ್ರಮಿಳಾಳ ಎದೆ ಮಾತ್ರ ಬಡಿದುಕೊಳ್ಳುತ್ತಿತ್ತು, ಯಾಕೆಂದರೆ ಇಷ್ಟು ಕಡಿಮೆ ಚಿತ್ರದಲ್ಲಿ ಇಷ್ಟು ತೃಪ್ತಿ ಪಡುವ ಮನುಷ್ಯರನ್ನು ಜಗತ್ತಿನ ಯಾವ ಸಂಶೋಧಕನೂ ಕಂಡಿರಲಾರ.

ನಡುವೆ ಫಕೀರವ್ವ ಎಲ್ಲರಿಗೂ ಚಹಾ ಕೊಟ್ಟಳು. ಬಟ್ಟಲಿನ ಅಂಚಿನೊಳಗೆ ತೋರುಬೆರಳಿಟ್ಟು ಸೋಸುತ್ತಿದ್ದಳು, ಬಿಸಿ ಬೆರಳಿಗೆ ತಾಗಿದ ಕೂಡಲೆ ನಿಲ್ಲಿಸುತ್ತಿದ್ದಳು.

(ಇಲ್ಲಿ ಪ್ರಮಿಳಾ ಮತ್ತೆ ಅಡ್ಡ ಬಂದಳು. “ನಮ್ಮವ್ವ ಬಟ್ಟ ಅದ್ದಿ ಚಹಾ ಕೊಡೂದಿಲ್ರಿ. ಹಳ್ಳಿ ಮಂದಿ ಅಂದ್ರ ಹಿಂಗಂತ ಬರೀತೀರೇನು?” ಹಾಗಲ್ಲ, ಬರೆಯುವಾಗ ನನಗೆ ಹಾಗೆ ಕಂಡಿತು ಎಂದೆ. ತೆಗೆಯಿರಿ ಎಂದಳು. ತೆಗೆಯುತ್ತೇನೆ ಎಂದು ಹೇಳಿ ತೆಗೆಯಲಿಲ್ಲ. ಬರೆಯುವವರಿಗೆ ಇಂಥ ಸಣ್ಣ ವಿವರ ಸಿಕ್ಕರೆ ಬಿಡಲು ಮನಸ್ಸು ಬರುವುದಿಲ್ಲ, ಊರಿನ ಗಂಧ ಬರುತ್ತದೆ ಎಂಬ ದುರಾಸೆ.)

ಕೊನೆಯ ಸರದಿ ಫಕೀರವ್ವನದು. ಆಕೆಗೆ ತೋರಿಸಿದ್ದು ಸಿದರಾಯನ ಹಟ್ಟಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ವಿಡಿಯೋ. ಪ್ರಮಿಳಾಳೇ ಕ್ಯಾಮರಾ ಎರವಲು ತಂದು ತೆಗೆದದ್ದು. ಅದು ಶುರುವಿನಲ್ಲೇ ನಿಂತುಬಿಟ್ಟಿತು. ಪರದೆಯ ತುಂಬ ಸಿದರಾಯನ ಬೆನ್ನು ಮತ್ತು ಕಂಬಳಿ, ಅಷ್ಟೇ. ಕತ್ತರಿಯ ಕಚಕಚ, ಕುರಿಗಳ ಒದರಾಟ ಕೇಳುತ್ತಿತ್ತು. ಫಕೀರವ್ವ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಕುತ್ತಿಗೆ ತುಸು ವಾಲಿಸಿ, ನಗುತ್ತ ಕೂತಳು.

“ಇದು ನಮ್ಮ ಕರೇ ಟಗರು. ಇದಕ್ಕ ಕತ್ರಿ ಅಂದ್ರ ಆಗಿ ಬರೂದಿಲ್ಲ ನೋಡು.”

ಆ ಟಗರು ಪರದೆಯ ಮೇಲೆ ಇರಲೇ ಇಲ್ಲ. ಪ್ರಮಿಳಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಚಿತ್ರ ಇಲ್ಲದ ಕಡೆ ಮನಸ್ಸೇ ಚಿತ್ರ ತುಂಬಿಕೊಳ್ಳುತ್ತದೆ, ಇದಕ್ಕಿಂತ ದೊಡ್ಡ ಶೋಧ ಬೇಕೇ? ಅವ್ವನ ಕೆನ್ನೆ ಹಿಂಡಿ ಬೆಳಗಾವಿಯ ಬಸ್ ಹತ್ತಿದಳು.

೩

ಮುಂದಿನದು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಲೆಕ್ಕವಿದೆ ಮತ್ತು ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಕಚ್ಚಾ. ಖಾನಾಪುರದ ತೃಪ್ತಿಯನ್ನೆಲ್ಲ ಉಣಿಸಿದ ಮೇಲೆ ಯಂತ್ರ ಲ್ಯಾಬಿನಲ್ಲಿ ಕಣ್ಣು ಬಿಟ್ಟಿತು. ಚನ್ನಬಸಯ್ಯ ಸರ್ ಎದುರು ಪ್ರಮಿಳಾ ಒಂದು ವಿಡಿಯೋ ಹಾಕಿದಳು. ಯಂತ್ರ ಮೊದಲ ಚಿತ್ರ ಒಂದನ್ನು ಕಳಿಸಿತು. ಆಮೇಲೆ ಧ್ವನಿಯನ್ನಷ್ಟೇ ಕಳಿಸುತ್ತ ಕೈಕಟ್ಟಿ ಕೂತಿತು. ಇನ್ನೊಂದು ಹಾಕಿದಳು, ಮತ್ತೆ ಹಾಗೆಯೇ. ಪೆಟ್ಟೇ ತಿನ್ನದ ಹುಡುಗ ಮತ್ತೇನು ಮಾಡುತ್ತಾನೆ? ಏನೂ ಕಳಿಸದಿದ್ದರೂ ಯಾರೂ ಬಯ್ಯುವುದಿಲ್ಲ ಎಂದು ಅದು ಕಲಿತಿತ್ತು.

ಇದು ತಪ್ಪು ಎಂದು ಸರ್ ಹೇಳುತ್ತಾರೆಂದು ನಾನು ಬರೆದಿದ್ದೆ. ಅವರು ಕೇಳಲಿಲ್ಲ. ಕನ್ನಡಕ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಬಹಳ ಹೊತ್ತು ನೋಡಿದರು.

“ನೋಡ್ರಿ ಪ್ರಮಿಳಾ, ಇದು ಕೆಟ್ಟಿಲ್ಲ. ಗ್ರಾಮೀಣ ವೀಕ್ಷಕರಿಗೆ ಚಿತ್ರದ ಗರಜೇ ಇಲ್ಲ ಅಂತ ಇದು ಹೇಳಾಕತ್ತದ. ಸೋಮವಾರ ಪೇಪರ್ ಕಳಸೋಣು.”

ಸೋಮವಾರ ಎಂದರೆ ಸಮ್ಮೇಳನಕ್ಕೆ ಪ್ರಬಂಧ ಕಳಿಸುವ ಕೊನೆಯ ದಿನ. ಅದು ಹೋದರೆ ಪ್ರಮಿಳಾಳ ಪಿಎಚ್‌ಡಿ ಬಹುತೇಕ ಕೈಗೆ ಬಂದ ಹಾಗೆ. ಹೋಗದಿದ್ದರೆ ಎಲ್ಲವನ್ನೂ ಬುಡದಿಂದ ಮಾಡಬೇಕು, ಅಷ್ಟರಲ್ಲಿ ಬೇರೆ ಊರಿನವರು ಯಾರಾದರೂ ಮಾಡಿ ಮುಗಿಸಿರುತ್ತಾರೆ. ಅರ್ಧ ದಿನ ಆಕೆ ಹಿಗ್ಗಿದಳು. ಉಳಿದರ್ಧ ದಿನ ದುಂಡಪ್ಪ ಕಾಕಾನ ಮುಖ ಕಣ್ಮುಂದೆ ಬಂತು. ಈ ಮನುಷ್ಯ ಕ್ರಿಕೆಟ್ ನಡೆಯುವಾಗ ಕರೆಂಟ್ ಹೋದರೆ ಲೈನ್‌ಮನ್ನನ ವಂಶವನ್ನೆಲ್ಲ ಜಾಲಾಡುವವನು. ಬಾಯಿ ತೆರೆದು ನಿಂತ ಹೆಂಗಸನ್ನು ಹೇಗೆ ಸಹಿಸಿಕೊಂಡ?

ಆಕೆಗೆ ತಲೆ ಗೊಂದಲ. ನನಗೂ ಗೊಂದಲ. (ನಿಮಗಿಲ್ಲದಿದ್ದರೆ ನೀವು ಮುಂದೆ ಕೂತು ಬರೆಯಿರಿ, ನಾನು ಹಿಂದೆ ಕೂಡುತ್ತೇನೆ.)

೪

ಭಾನುವಾರ ಬೆಳಿಗ್ಗೆ ಆಕೆ ಖಾನಾಪುರಕ್ಕೆ ಹೋದಳು. ಮಾನಿಟರ್ ಒಯ್ಯಲಿಲ್ಲ. ಗಂಟೆ ಮತ್ತು ಗುಂಡಿ ಮಾತ್ರ ಚೀಲದಲ್ಲಿ ಉಳಿದಿದ್ದವು. ಯಾಕೆ ಉಳಿದಿದ್ದವೆಂದು ಕೇಳಿದರೆ, ಅವು ಮುಂದೆ ಬೇಕಾಗುತ್ತವೆಂದು ನಾನೇ ಇಟ್ಟೆ.

ಮೊದಲು ಸಿಕ್ಕವಳು ಸತ್ಯವ್ವ ಕಾಕು, ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಬಸ್ಸು ಅರ್ಧಕ್ಕೆ ನಿಂತದ್ದು ಕಂಡಿತ್ತೇ ಎಂದು ಪ್ರಮಿಳಾ ಕೇಳಿದಳು. ಕಾಣದೆ ಏನು, ಕಣ್ಣೇನು ಕುರುಡೇ ಎಂದಳು ಕಾಕು. ಹಾಗಾದರೆ ಯಾಕೆ ಒತ್ತಲಿಲ್ಲ?

ಕಾಕು ಸೊಪ್ಪು ಬಿಟ್ಟು ಈಕೆಯ ಮುಖ ನೋಡಿದಳು. “ನೀ ಅಷ್ಟ ದೂರದಿಂದ ಹೊತ್ಕೊಂಡ ಬಂದೀದಿ. ಮಂದ್ಯಾಗ ಟಿಣ್ ಅನಿಸಿ ಇದು ಚಲೋ ಇಲ್ಲಂತ ಹೆಂಗ ಹೇಳೂದವಾ? ಉಂಡ ಮನಿಯಾಗ ಉಪ್ಪ ಕಡಿಮಿ ಆಗೇತಿ ಅಂತಾರೇನು?”

ಅದಷ್ಟೇ ಆಗಿದ್ದರೆ ಪ್ರಮಿಳಾ ನಕ್ಕು ಸುಮ್ಮನಾಗುತ್ತಿದ್ದಳು. ಕಾಕು ಮುಂದುವರಿದು, ಅಲ್ಲದೆ ಕಲ್ಮೇಶ ಮನೆ ಮನೆಗೆ ಬಂದು ಹೇಳಿ ಹೋಗಿದ್ದನಲ್ಲ ಎಂದಳು.

ಕಲ್ಮೇಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಹೊತ್ತು ಮೂಡುವ ಮೊದಲು ಬಸ್ ಹಿಡಿದರೆ ಕತ್ತಲಾದ ಮೇಲೆ ಬರುತ್ತಾನೆ, ಮನೆಯಲ್ಲಿ ಕಣ್ಣಿಗೆ ಬೀಳುವುದು ಭಾನುವಾರ ಮಾತ್ರ. ಪ್ರಮಿಳಾ ಹೋದಾಗ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೇಳಿದ್ದಕ್ಕೆ ಮುಚ್ಚುಮರೆ ಮಾಡದೆ ಎಲ್ಲ ಹೇಳಿದ. ಅಕ್ಕನ ದೊಡ್ಡ ಪರೀಕ್ಷೆ ನಡೆದಿದೆ, ಗಂಟೆ ಒಮ್ಮೆ ಬಾರಿಸಿದರೆ ಒಂದು ಮಾರ್ಕು ಹೋಗುತ್ತದೆ, ಆದ್ದರಿಂದ ಏನೇ ಆದರೂ ಯಾರೂ ಕೈ ಹಚ್ಚಬೇಡಿ ಎಂದು ಪ್ರಯೋಗದ ಹಿಂದಿನ ರಾತ್ರಿಯೇ ಓಣಿಗೆಲ್ಲ ಸಾರಿ ಬಂದಿದ್ದ. ಒಬ್ಬರೂ ತಪ್ಪಲಿಲ್ಲವಲ್ಲ ಎಂದು ಆತನಿಗೆ ಹೆಮ್ಮೆ ಬೇರೆ.

ಪ್ರಮಿಳಾ ತಲೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು. ಇಡೀ ಓಣಿ ಕೂಡಿ ಆಕೆಯನ್ನು ಪಾಸು ಮಾಡಿಸಿತ್ತು. ಅದರಿಂದಲೇ ಆಕೆಯ ಮೂರು ವರ್ಷ ಮಣ್ಣುಪಾಲಾಗಿತ್ತು.

“ಅವ್ವಗೂ ನೀನ ಹೇಳಿದ್ದೇನು?”

“ಇಲ್ಲ ಅಕ್ಕಾ. ಅವ್ವಗ ಹೇಳೂದ ಮರ್ತ ಬಿಟ್ಟಿದ್ದೆ. ಚಿತ್ರ ನಿಂತ್ರ ಅವ್ವ ಒತ್ತೇ ಬಿಡ್ತಾಳಂತ ನಾ ಅಂಜಿದ್ದೆ. ಅಕಿ ಯಾಕೋ ಒತ್ತಲಿಲ್ಲ.”

೪½

ಈ ಭಾಗ ಕತೆಯಲ್ಲಿ ಇರಬೇಕೋ ಬೇಡವೋ ತಿಳಿಯದು. ಪ್ರಮಿಳಾ ಅಲ್ಲಿಂದ ಎದ್ದು ಅವ್ವನ ಹತ್ತಿರ ಹೋಗುವ ಬದಲು ನೇರ ನನ್ನ ಹತ್ತಿರ ಬಂದಳು. ಶಹಾಪುರದ ಈ ಮೇಜಿನ ಹತ್ತಿರ, ಮಗ್ಗದ ಸದ್ದಿನ ನಡುವೆ.

“ಆ ಚಹಾದ ಮಾತು ಎಲ್ಲಿಂದ ತಂದ್ರಿ?”

ಯಾವ ಚಹಾ ಎಂದೆ.

“ಬಟ್ಟಲದಾಗ ಬಟ್ಟ ಇಟ್ಟ ಸೋಸ್ತಾಳಂತ ಬರದೀರಲ್ಲ. ತಗೀರಿ ಅಂದ್ರೂ ತಗೀಲಿಲ್ಲ. ನಿಮಗ ಗೊತ್ತಿತ್ತೇನು?”

ನನಗೆ ಏನೂ ಗೊತ್ತಿರಲಿಲ್ಲ. ದೇವರಾಣೆಗೂ ಇಲ್ಲ. ಚಂದ ಕಾಣುತ್ತದೆಂದು ಬರೆದಿದ್ದೆ, ಅಷ್ಟೇ. ಈಗ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಬಿಸಿ ತಾಗಿದ ಕೂಡಲೆ ನಿಲ್ಲಿಸುತ್ತಿದ್ದಳು, ಎಂದರೆ ಬಟ್ಟಲು ತುಂಬಿದ್ದು ಆಕೆಗೆ ಬೆರಳಿನಿಂದಷ್ಟೇ ಗೊತ್ತಾಗುತ್ತಿತ್ತು. ಕುತ್ತಿಗೆ ವಾಲಿಸಿ ಕೂತಳು, ಎಂದರೆ ಕಿವಿಯನ್ನು ಸ್ಪೀಕರಿನ ಕಡೆ ಮಾಡಿದ್ದಳು. ಪರದೆಯ ಮೇಲೆ ಇಲ್ಲದ ಟಗರನ್ನು ಗುರುತಿಸಿದಳು. ಅದರ ದನಿ ಹಿಡಿದು ಗುರುತಿಸಿದಳು. ನಾನೇ ಬರೆದದ್ದು, ನಾನೇ ಓದಿರಲಿಲ್ಲ.

ಕಣ್ಣು ಹೋಗಿರಲಿಕ್ಕಿಲ್ಲ ಎಂದೆ. ವಯಸ್ಸಾದವರು, ಅಭ್ಯಾಸ ಬಲ, ಸುಮ್ಮನೆ ಏನೇನೋ ಯೋಚಿಸಬೇಡ ಎಂದೆ. ಕಲ್ಮೇಶನಿಗೆ ಗೊತ್ತಾಗುತ್ತಿರಲಿಲ್ಲವೇ ಎಂದೆ.

“ಅಂವಾ ಕತ್ತಲದಾಗ ಹೋಗಿ ಕತ್ತಲದಾಗ ಬರ್ತಾನ. ಅಪ್ಪ ಕುರಿ ಹಿಂದ. ನಾ ಬಂದ್ರ ಒಂದ ದಿನಾ ಇರ್ತೀನಿ, ಅದೂ ಕಂಪ್ಯೂಟರ್ ನೋಡ್ಕೋತ.” ಚಹಾದ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: “ಅಷ್ಟೂ ಸುಳ್ಳ ಡೇಟಾದಾಗ ಒಬ್ಬಾಕಿದ ಖರೇ ಇತ್ರಿ. ಚಿತ್ರ ಇರಲಿ ಬಿಡಲಿ, ಅಕಿಗೆ ಫರಕ ಇರಲಿಲ್ಲ. ನನ್ನ ಮಶೀನ ಕಲತದ್ದು ನಮ್ಮವ್ವನ್ನ.”

ಇದನ್ನು ಕೇಳಿ ದುಃಖವಾಯಿತು. ಕತೆಗಾರನಾಗಿ ಖುಷಿಯೂ ಆಯಿತು, ಅದಕ್ಕಾಗಿ ನಾಚಿಕೆಯೂ ಆಯಿತು.

೫

ಈಗ ಮುಕ್ತಾಯದ ಮಾತು. ಪ್ರಮಿಳಾ ಒಂದು ಉಪಾಯ ಮಾಡಿದ್ದಳು. ಅವ್ವನನ್ನು ನೇರವಾಗಿ ಕೇಳಿದರೆ ಉತ್ತರ ಏನೆಂದು ಆಕೆಗೆ ಗೊತ್ತು: ಆರಾಮ ಅದೀನಿ. ಯಾವಾಗ ಕೇಳಿದರೂ ಅದೇ ಉತ್ತರ. ಆದ್ದರಿಂದ ಅವ್ವನನ್ನು ಹಿತ್ತಲ ಬಾಗಿಲ ಒಳಗೆ ಮಣೆಯ ಮೇಲೆ ಕೂಡಿಸಿ, ಗುಂಡಿ ಕೈಗೆ ಕೊಟ್ಟು, ತಾನು ಎದುರಿಗೆ ಮಂಡಿ ಊರಿ ಕೂತು, ಅಲ್ಲಿಂದ ಎದ್ದು ಹಿಂದೆ ಹಿಂದೆ ಸರಿಯುವುದು. ಮಗಳ ಮುಖ ಕಾಣುವುದು ನಿಂತಾಗ ಅವ್ವ ಒತ್ತಬೇಕು. ಪಡಸಾಲೆಯಲ್ಲಿ ಮಾಡಿದ ಪ್ರಯೋಗವೇ, ವಿಡಿಯೋ ಮಾತ್ರ ಇಲ್ಲ.

ನಾನು ಜಾಣ ಲೇಖಕ. ಗಂಟೆ ಎಲ್ಲಿ ಬಾರಿಸಿದರೂ ಇರಲಿ ಎಂದು ಮೂರು ಮುಕ್ತಾಯಗಳನ್ನು ಮೊದಲೇ ಬರೆದಿಟ್ಟುಕೊಂಡೆ.

ನುಗ್ಗೆ ಗಿಡದ ಹತ್ತಿರ ಬಾರಿಸಿದರೆ: ಹಿತ್ತಲ ಕೊನೆಯ ತನಕ ಕಂಡಿತು ಎಂದಾಯಿತು. ಬಟ್ಟಲಲ್ಲಿ ಬೆರಳಿಡುವುದು ಬರೀ ಅಭ್ಯಾಸ, ಒಂದು ಚಾಳೀಸು ಕನ್ನಡಕ ಮಾಡಿಸಿದರೆ ಮುಗಿಯಿತು. ಅವ್ವ ಮಗಳು ನಗುತ್ತಾರೆ. ಪ್ರಮಿಳಾ ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನ್ ಮಾಡಿ ಪೇಪರ್ ಕಳಿಸಬೇಡಿ ಅನ್ನುತ್ತಾಳೆ, ಸರ್ ಸಿಟ್ಟಾಗುತ್ತಾರೆ, ಆದರೂ ಕೊನೆಗೆ ಮೆಚ್ಚುತ್ತಾರೆ. ಇದು ನನಗೆ ಇಷ್ಟವಾದ ಮುಕ್ತಾಯ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಾರಿಸಿದರೆ: ಕಣ್ಣಿಗೆ ಪೊರೆ ಬಂದಿದೆ. ಬೆಳಗಾವಿಗೆ ಕರೆತಂದು ಆಪರೇಶನ್ ಮಾಡಿಸುವುದು, ಹಸಿರು ಪಟ್ಟಿ ಕಟ್ಟಿಕೊಂಡ ಫಕೀರವ್ವ ರಾಮತೀರ್ಥ ನಗರದ ಎರಡು ಕೋಣೆಯಲ್ಲಿ ಕೆಲವು ದಿನ ಇರುವುದು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದೇನು ಎಂಬ ಸಿನಿಮಾ ಪ್ರಶ್ನೆಯನ್ನು ನಾನು ಕೇಳುವುದಿಲ್ಲವೆಂದು ಪ್ರಮಿಳಾಳಿಗೆ ಮಾತು ಕೊಟ್ಟಿದ್ದೇನೆ.

ಹೊಸ್ತಿಲಲ್ಲೇ ಬಾರಿಸಿದರೆ: ಇದಕ್ಕೆ ಎರಡು ಸಾಲು ಬರೆದು ನಿಲ್ಲಿಸಿದ್ದೇನೆ. ಹೊಸ್ತಿಲೆಂದರೆ ಮಣೆಯಿಂದ ಕೈಯಳತೆ. ಅಷ್ಟಕ್ಕೆಲ್ಲ ಹೋಗಲಾರದು ಎಂದು ನನ್ನ ನಂಬಿಕೆ.

ಪ್ರಮಿಳಾ ಮೂರನ್ನೂ ಓದಿದಳು. ಯಾವುದನ್ನು ಬಿಟ್ಟರೆ ಓದುವವರು ಗುಂಡಿ ಒತ್ತುವುದಿಲ್ಲ ಎಂದು ನೀವೂ ಲೆಕ್ಕ ಹಾಕುತ್ತಿದ್ದೀರಿ, ನನಗೂ ನಿಮಗೂ ಏನು ಫರಕು ಎಂದು ಕೇಳಿ, ಉತ್ತರಕ್ಕೆ ಕಾಯದೆ ಖಾನಾಪುರಕ್ಕೆ, ಎಂದರೆ ತಲೆ ಹಿಡಿದು ಕೂತಿದ್ದ ಆ ಹೊಸ್ತಿಲಿಗೆ, ವಾಪಸು ಹೋದಳು.

೬

ಮಧ್ಯಾಹ್ನ. ಮಳೆ ಬಿಡುವು ಕೊಟ್ಟು ಹಿತ್ತಲಲ್ಲಿ ಒಳ್ಳೆಯ ಬಿಸಿಲಿತ್ತು. ಒಳಗೂ ಬೆಳಕಿತ್ತು, ಅದರ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಫಕೀರವ್ವ ಮಣೆಯ ಮೇಲೆ ಕೂತಳು. ತಲೆಯ ಸೆರಗು ಸರಿ ಮಾಡಿಕೊಂಡಳು, ಯಾರೋ ಫೋಟೋ ತೆಗೆಯುವವರಿದ್ದಾರೆ ಎಂಬಂತೆ. ಪ್ರಮಿಳಾ ಗುಂಡಿಯನ್ನು ಆಕೆಯ ಅಂಗೈಯಲ್ಲಿಟ್ಟು ಹೆಬ್ಬೆರ‍ಳನ್ನು ಅದರ ಮೇಲೆ ಕೂಡಿಸಿದಳು. ಗಂಟೆಯನ್ನು ನೆಲದ ಮೇಲಿಟ್ಟಳು. ತಾನು ಎದುರಿಗೆ ಮಂಡಿ ಊರಿ ಕೂತಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಸೈಕಲ್ ಬಿಟ್ಟು ಕಲ್ಮೇಶನೂ ಬಂದು ಬಾಗಿಲಿಗೊರಗಿ ನಿಂತ.

“ಅವ್ವಾ, ನಾ ಈಗ ಎದ್ದು ಹಿಂದ ಹಿಂದ ಹೋಗ್ತೀನಿ. ನನ್ನ ಮಾರಿ ಕಾಣೂದು ನಿಂತಾಗ ಒತ್ತು. ಮುಚ್ಚಿಡಬ್ಯಾಡ.”

ಫಕೀರವ್ವ ಗುಂಡಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದಳು.

“ನಿನ್ನ ಮಾರ್ಕ್ಸ ಹೋಗೂದಿಲ್ಲಲ್ಲ ಮತ್ತ?”

(ಇಗೋ ನೋಡಿ. ಅವ್ವನಿಗೂ ಮಾರ್ಕಿನ ಸುದ್ದಿ ಮುಟ್ಟಿತ್ತು. ಕಲ್ಮೇಶ ಹೇಳದಿದ್ದರೇನು, ಸತ್ಯವ್ವ ಕಾಕು ಇದ್ದಾಳಲ್ಲ. ಹಾಗಾದರೆ ಅವತ್ತು ಒತ್ತದೆ ಇದ್ದದ್ದು ಮಗಳ ಮಾರ್ಕಿಗಾಗಿಯೇ ಇರಬಹುದು. ಹಾಗಾದರೆ ಟಗರು? ಹಾಗಾದರೆ ಚಹಾ? ನನಗೆ ಜೀವ ಬಂದ ಹಾಗಾಯಿತು. ನುಗ್ಗೆ ಗಿಡದ ಮುಕ್ತಾಯವನ್ನು ಎಳೆದು ಮೇಲಿಟ್ಟುಕೊಂಡೆ.)

“ಇಲ್ಲವ್ವ,” ಎಂದಳು ಪ್ರಮಿಳಾ. “ಇದು ಮಾರ್ಕ್ಸಿಂದಲ್ಲ.”

“ಖರೇ?”

“ಖರೇ.”

ಪ್ರಮಿಳಾ ಏಳಲು ಎಡಗೈಯನ್ನು ನೆಲಕ್ಕೆ ಊರಿದಳು.

ಟಿಣ್.

ಕೈ ತಾಗಿತು, ಅಷ್ಟೇ. ಹಾಗೆಂದು ನಾನು ಬರೆದೆ. ಗುಂಡಿ ಹೊಸದು, ಹೆಬ್ಬೆರಳು ದಪ್ಪ, ತಪ್ಪಿ ತಾಗಿರುತ್ತದೆ. ಮೊದಲಿನಿಂದ ಮಾಡೋಣವೆಂದು ಪ್ರಮಿಳಾ ಹೇಳಲಿ ಎಂದು ಕಾದೆ. ಆಕೆ ಹೇಳಲಿಲ್ಲ. ಊರಿದ ಕೈ ಊರಿದ ಹಾಗೆಯೇ ಇತ್ತು. ಅವ್ವನ ಮುಖ ಆಕೆಯ ಮುಖದ ಕಡೆಗೇ ಇತ್ತು. ಸರಿಯಾಗಿ ಕಡೆಗಲ್ಲ, ತುಸು ಬಲಕ್ಕೆ, ಮಾತು ಬಂದ ಕಡೆಗೆ.

ಟಿಣ್.

ಕಲ್ಮೇಶ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ. ಇನ್ನೂ ಶುರು ಆಗಿಲ್ಲವಲ್ಲ ಬೇ ಎಂದ.

ನನ್ನ ಮೇಜಿನ ಮೇಲೆ ಮೂರು ಮುಕ್ತಾಯಗಳಿವೆ, ಎರಡು ಹಿತ್ತಲಲ್ಲಿ, ಒಂದು ಹೊಸ್ತಿಲಲ್ಲಿ ನಿಂತು ಕಾಯುತ್ತಿವೆ. ಅಲ್ಲಿಗೆ ಯಾರೂ ಹೋಗುವಂತೆ ಕಾಣುವುದಿಲ್ಲ. ಪೇಪರಿನ ಗತಿ ಏನು, ಸೋಮವಾರದ ಗತಿ ಏನು, ಇದು ಪೊರೆಯೋ ಬೇರೇನೋ, ಡಾಕ್ಟರು ಏನನ್ನುತ್ತಾರೆ, ಇವನ್ನೆಲ್ಲ ನಿಮಗೆ ಹೇಳಬೇಕಾದದ್ದು ನ್ಯಾಯ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮನಸ್ಸಿನಿಂದ ತುಂಬಿಕೊಳ್ಳಿ ಎಂದು ನಿಮಗೆ ಹೇಳುವ ಧೈರ್ಯ ಈಗ ನನಗಿಲ್ಲ.

ಫಕೀರವ್ವ ಒತ್ತುತ್ತಲೇ ಇದ್ದಾಳೆ. ಮುಖದಲ್ಲಿ ಅಳುವಿಲ್ಲ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವರ ಮುಖ.

ಪ್ರಮಿಳಾ ಇನ್ನೂ ಎದ್ದಿಲ್ಲ.